ತಿರುಗುವ ಡಿಸ್ಕು, ತಿರುಗದ ಡಿಸ್ಕು

ಹೊಳೆಯ ದಂಡೆ, ಒಂದು ಹೊಂಗೆಮರ, ಮರದ ನೆರಳಿಗೆ ಒರಗಿಕೊಂಡಂತೆ ನಾಲ್ಕು ಕೋಣೆಯ ಆಶ್ರಮ. ಈ ಕಥೆಗೆ ಇಷ್ಟು ಜಾಗ ಧಾರಾಳವಾಯಿತು.

ಅಲ್ಲಿ ಶಂಭುಲಿಂಗ ಸ್ವಾಮಿಗಳು ಅಂತ ಒಬ್ಬ ಗುರುಗಳು. ಹೆಸರು ಹಿಡಿದು ಯಾರೂ ಕರೆದವರಲ್ಲ; ಸುತ್ತಲಿನ ಊರಿಗೆಲ್ಲ ಅವರು ‘ಬುದ್ಧಿ’. ಅವರಿಗೆ ಪರಶಿವ ಅಂತ ಒಬ್ಬನೇ ಶಿಷ್ಯ. ಮೂವತ್ತು ದಾಟಿದವನು, ಬಿ.ಎಸ್ಸಿ. ಓದಿದವನು, ಕಂಪ್ಯೂಟರು ಬಲ್ಲವನು. ಇನ್ನು ಅಡುಗೆಮನೆಗೆ ಚೆನ್ನಾಜಮ್ಮ. ಆಶ್ರಮದಲ್ಲಿ ಗಟ್ಟಿಯಾಗಿ ಮಾತಾಡುವವಳು ಅವಳೊಬ್ಬಳೇ.

ಪರಶಿವ ಒಳ್ಳೆಯವನೇ. ಆದರೆ ಅನುಮಾನದ ಪ್ರಾಣಿ. ಹಾಲಿಗೆ ನೀರು ಬೆರೆಸಿದ್ದಾರೆಯೇ ಅಂತ ನೋಡುವವರುಂಟು. ಇವನು ನೀರಿಗೆ ಏನು ಬೆರೆಸಿದ್ದಾರೋ ಅಂತ ಮೂಸುವವನು.

ಅದಕ್ಕೂ ಒಂದು ಕಾರಣವಿತ್ತು ಅನ್ನಿ. ತಾಯಿ ತೀರಿಕೊಂಡ ಮೇಲೆ ಆಕೆಯ ದನಿ ಉಳಿದದ್ದು ಅವನ ಹಳೇ ಫೋನಿನಲ್ಲಿ ಮಾತ್ರ. ಆ ಫೋನು ಒಂದು ಬೆಳಿಗ್ಗೆ ಕಣ್ಣು ಬಿಡಲೇ ಇಲ್ಲ. ಮೂರು ಅಂಗಡಿ ತಿರುಗಿದ. ಮೂವರೂ ಕೈಚೆಲ್ಲಿದರು. ಅಂದಿನಿಂದ ಅವನಿಗೆ ಯಾವ ಯಂತ್ರದ ಮೇಲೂ ನಂಬಿಕೆಯಿಲ್ಲ, ಯಂತ್ರ ಮಾರುವವರ ಮೇಲಂತೂ ಕೇಳಲೇ ಬೇಡಿ.

ಆಶ್ರಮದಲ್ಲಿ ದನಕರುಗಳಿಗೆ ಮಾಡುವ ವೈದ್ಯವನ್ನು ಬರೆದಿಟ್ಟ ಒಂದು ತಾಳೆಗರಿಯ ಕಟ್ಟು ಇತ್ತು. ತೊಂಬತ್ತಾರು ಗರಿ. ಬೇರೆಲ್ಲೂ ಇದರ ಪ್ರತಿಯಿಲ್ಲ. ದನಕ್ಕೆ ಹುಷಾರು ತಪ್ಪಿದರೆ ಇವತ್ತಿಗೂ ಸುತ್ತಲಿನವರು ಬಂದು, ಗುರುಗಳಿಂದ ಅದನ್ನು ಓದಿಸಿಕೊಂಡು ಹೋಗುತ್ತಿದ್ದರು. ಈಗ ಗರಿಗಳ ಅಂಚು ಉದುರತೊಡಗಿತ್ತು. ಇನ್ನೆರಡು ವರ್ಷ ತಡೆದರೆ ಹೆಚ್ಚು.

ಅದಕ್ಕೇ ಪರಶಿವ ಒಂದೊಂದೇ ಗರಿಯ ಫೋಟೋ ತೆಗೆದ. ತೆಗೆಯುವ ಮುಂಚೆ ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತಲೆಮಾರುಗಳ ಕೊಳೆ ತೆಗೆದ. ಆಗ ಚೆನ್ನಾಜಮ್ಮ ದೀಪದ ಮಸಿಯ ಬಟ್ಟಲು ಹಿಡಿದು ಬಂದಳು. ಗರಿ ಒರೆಸಿದ ಮೇಲೆ ಮಸಿ ತೀಡುವುದು ಈ ಆಶ್ರಮದಲ್ಲಿ ಮೊದಲಿನಿಂದಲೂ ಅಡುಗೆಯವರ ಕೆಲಸ. ಅವಳ ಅತ್ತೆಯೂ ತೀಡಿದವಳೇ.

“ಬೇಡ ಬೇಡ, ಅಲ್ಲೇ ನಿಲ್ಲಿ” ಅಂದ ಪರಶಿವ. “ಮುದ್ದೆ ಕಟ್ಟೋ ಕೈಗೆ ಗರಿ ತಡೆಯುತ್ತಾ? ಮುರಿದುಹೋದರೆ?”

“ಮೂವತ್ತು ವರ್ಷದಿಂದ ಮುರೀದೆ ಇರೋದು ಇವತ್ತು ಮುರೀತದಾ, ಪರಶಿವಪ್ಪ?”

“ಇವತ್ತೇ ಮುರಿಯೋದು.”

ಅವಳು ಬಟ್ಟಲು ತೆಗೆದುಕೊಂಡು ಹಿಂದಿರುಗಿದಳು. ಹೋಗುತ್ತಾ, “ಬಾಗಿಲು ಹಾಕ್ಕೊಳ್ಳಪ್ಪ, ನನ್ನ ಉಸಿರು ತಗುಲೀತು” ಅಂದಳು.

ಅವನು ನಿಜವಾಗಿಯೂ ಬಾಗಿಲು ಹಾಕಿಕೊಂಡ. ಫೋಟೋ ತೆಗೆಯುವಾಗಲೂ ಅವನ ಕಣ್ಣು ಉದುರುವ ಅಂಚಿನ ಮೇಲೇ ಇತ್ತು.

*

ಫೋಟೋಗಳೆಲ್ಲ ಹಳೇ ಲ್ಯಾಪ್‌ಟಾಪಿನಲ್ಲಿದ್ದವು. ಅದು ಕೆಮ್ಮುವ ಮುದುಕನ ಹಾಗೆ ನಿಂತು ನಿಂತು ನಡೆಯುತ್ತಿತ್ತು. ಬೇರೆ ಜಾಗಕ್ಕೆ ಸಾಗಿಸಲೇಬೇಕು. ಪೇಟೆಯ ಭಕ್ತರೊಬ್ಬರು ಒಂದು ಡಿಸ್ಕು ಕೊಡಿಸುತ್ತೇನೆಂದರು. ಒಂದೇ. ಅದರ ಮೇಲೆ ತಮ್ಮ ತಂದೆಯ ಹೆಸರು ಕೆತ್ತಿಸಬೇಕು ಅಂದರು.

ಹೆಸರು ಯಾಕೆ? ಅಂತ ಪರಶಿವನ ತಲೆಗೆ ಹುಳ ಹೊಕ್ಕಿತು. ನಾಳೆ ಗ್ರಂಥವೇ ನಮ್ಮಪ್ಪನದು ಅಂದುಬಿಟ್ಟರೆ?

ಅಂಗಡಿಗೆ ಹೋದ. ಅಂಗಡಿಯ ದಿನಕರ ಎರಡು ಡಬ್ಬಿ ತೆಗೆದು ಮುಂದಿಟ್ಟ.

“ಇದು ಹಾರ್ಡ್ ಡಿಸ್ಕು ಸ್ವಾಮಿ. ಒಳಗೆ ತಟ್ಟೆ ಗಿರಗಿರ ತಿರುಗುತ್ತೆ. ಜಾಗ ಜಾಸ್ತಿ. ಕೆಳಗೆ ಬೀಳಿಸಬೇಡಿ, ಅಷ್ಟೆ.”

“ಬಿದ್ದರೆ?”

“ಕಷ್ಟ. ತಟ್ಟೆಗೆ ಗೀರು ಬೀಳಬಹುದು.”

“ಮತ್ತೆ ಇದು?”

“ಎಸ್‌ಎಸ್‌ಡಿ. ತಿರುಗೋದು ಗಿರುಗೋದು ಏನೂ ಇಲ್ಲ. ಸದ್ದಿಲ್ಲ. ಕೆಲಸ ಬಲು ಚುರುಕು. ಕೈ ಜಾರಿದರೂ ಅಷ್ಟೊಂದು ಹೆದರಿಕೆ ಇಲ್ಲ.”

“ಕೆಡೋದೇ ಇಲ್ವಾ?”

“ಕೆಡುತ್ತೆ. ಹೇಳದೆ ಕೇಳದೆ ಕೆಡುತ್ತೆ. ಇನ್ನೊಂದು, ಕರೆಂಟು ತೋರಿಸದೆ ವರ್ಷಗಟ್ಟಲೆ ಟ್ರಂಕಿನಲ್ಲಿ ಇಟ್ಟುಬಿಡಬಾರದು. ಮರೆತುಬಿಟ್ಟೀತು.”

“ಏನನ್ನ?”

“ಬರೆದದ್ದನ್ನ.”

“ತಿರುಗೋದು?”

“ಅದು ಎಷ್ಟೋ ಸಲ ಸಾಯೋಕೆ ಮುಂಚೆ ಟಿಕ್ ಟಿಕ್ ಅನ್ನುತ್ತೆ. ಯಾವಾಗಲೂ ಅನ್ನುತ್ತೆ ಅಂತಲ್ಲ.”

ಪರಶಿವ ಎರಡೂ ಡಬ್ಬಿ ತಿರುಗಿಸಿ ನೋಡಿದ. ತನ್ನ ಸರಕನ್ನು ತಾನೇ ಹಳಿಯುವ ವ್ಯಾಪಾರಿ! ಹೊಗಳಿದ್ದರೆ ಸುಳ್ಳು ಅನ್ನಬಹುದಿತ್ತು. ಹಳಿದರೆ ಏನನ್ನಬೇಕು? ಇದರಲ್ಲಿ ಏನೋ ಇದೆ.

“ಎರಡನ್ನೂ ತಗೊಂಡು ಹೋಗಿ ಸ್ವಾಮಿ” ಅಂದ ದಿನಕರ. “ಹಾಕಿ ನೋಡಿ. ಒಂದು ಇಟ್ಕೊಂಡು ಒಂದು ವಾಪಸ್ ತನ್ನಿ.”

ಇಷ್ಟು ನಂಬುವವನನ್ನು ನಂಬುವುದು ಹೇಗೆ? ಪರಶಿವ ದಾರಿಯುದ್ದಕ್ಕೂ ಚೀಲವನ್ನು ಹೊಟ್ಟೆಗೆ ಅವುಚಿಕೊಂಡೇ ಬಂದ.

*

ಗುರುಗಳು ಹೊಂಗೆಮರದ ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅಷ್ಟರಲ್ಲಿ ಪರಶಿವ ಫೋಟೋಗಳನ್ನು ಎರಡಕ್ಕೂ ತುಂಬಿಸಿ ಮುಗಿಸಿದ್ದ. ಎರಡನ್ನೂ ಹಲಗೆಯ ಮೇಲಿಟ್ಟು, ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಕೈಮುಗಿದು ನಿಂತ.

“ಬುದ್ಧಿ, ಯಾವುದನ್ನ ಇಟ್ಕೊಳ್ಳಲಿ?”

ಗುರುಗಳು ಒಂದೊಂದಕ್ಕೂ ಕಿವಿ ಹಚ್ಚಿದರು.

“ಇದು ಗೊರಕೆ ಹೊಡೀತದೆ” ಅಂದರು. “ಇದು ಉಸಿರೇ ಆಡ್ತಿಲ್ಲ.”

“ಅದೇ ಬುದ್ಧಿ ನನ್ನ ಕಷ್ಟ. ಇದು ಬಿದ್ದರೆ ಸಾಯುತ್ತೆ, ಅದು ಇಟ್ಟರೆ ಮರೆಯುತ್ತೆ. ಯಾವುದನ್ನ ನಂಬೋದು?”

“ಒಳಗೇನಿದೆ?”

“ತೊಂಬತ್ತಾರು ಫೈಲಿದೆ ಬುದ್ಧಿ.”

“ಫೈಲಿನೊಳಗೆ?”

“ಫೋಟೋ.”

“ಫೋಟೋದೊಳಗೆ?”

“ಗರಿ, ಬುದ್ಧಿ.”

“ಗರಿಯೊಳಗೆ?”

ಪರಶಿವ ಗುರುಗಳ ಮುಖ ನೋಡಿದ. ಎಂಬತ್ತು ದಾಟಿದೆ. ಮರೆವು ಶುರುವಾಯಿತೇ? ಐವತ್ತು ವರ್ಷ ತಾವೇ ಓದಿದ ಕಟ್ಟಲ್ಲವೇ!

“ದನದ ವೈದ್ಯ, ಬುದ್ಧಿ” ಅಂದ, ಮಗುವಿಗೆ ಹೇಳುವ ಹಾಗೆ.

“ನೋಡಿದ್ಯಾ?”

“ಎಣಿಸಿದೀನಿ. ತೊಂಬತ್ತಾರಕ್ಕೆ ತೊಂಬತ್ತಾರೂ ಇದೆ. ಒಂದರಲ್ಲಿರೋದು ಇನ್ನೊಂದರಲ್ಲೂ ಹಾಗೇ ಇದೆ ಅಂತ ಕಂಪ್ಯೂಟರೇ ಹೇಳ್ತು. ಸುಮ್ಮನೆ ತೆರೆದು ತೆರೆದು ನೋಡಿದರೆ ಎಲ್ಲಿ ಕೆಡುತ್ತೋ ಅಂತ ಮುಟ್ಟಿಲ್ಲ.”

ಗುರುಗಳು ಒಂದು ಅವರೆಕಾಯಿ ಎತ್ತಿ ಅವನ ಕೈಗೆ ಕೊಟ್ಟರು. ಪರಶಿವ ಅದನ್ನು ಬಿಡಿಸಿದ. ಸಿಪ್ಪೆ ದಪ್ಪಗಿತ್ತು, ಹಸಿರಾಗಿತ್ತು. ಒಳಗೆ ಕಾಳಿರಲಿಲ್ಲ.

ಅವನು ಕಾಯಿ ತಂದವನನ್ನು ಮನಸ್ಸಿನಲ್ಲೇ ಬೈದುಕೊಂಡ.

“ಆಯ್ತು” ಅಂದರು ಗುರುಗಳು. “ಪ್ರತಿ ಆಯಿತು ಅಂತೀಯ. ಹಾಗಾದರೆ ನಾಳೆ ಬೆಳಿಗ್ಗೆ ಹಳೇ ಕಟ್ಟನ್ನ ಹೊಳೆಗೆ ಬಿಡೋಣ.”

ಪರಶಿವ ಎರಡೂ ಡಿಸ್ಕುಗಳನ್ನು ತನ್ನ ಕಡೆಗೆ ಎಳೆದುಕೊಂಡ.

ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಸವೆದ ಗ್ರಂಥವನ್ನು ಹೊಸ ಗರಿಗೆ ಇಳಿಸಿದ ಮೇಲೆ, ಹಳೆಯದನ್ನು ಹೂವಿಟ್ಟು ಹೊಳೆಗೆ ಬಿಡುವುದು. ಮೊದಲಿಂದಲೂ ಹಾಗೆಯೇ ನಡೆದುಬಂದಿತ್ತು. ಆದರೆ ಆಗ ಗರಿಯಿಂದ ಗರಿಗೆ ಇಳಿಯುತ್ತಿತ್ತು. ಈಗ ಈ ಗೊರಕೆಯವನನ್ನೋ ಈ ಮೂಕನನ್ನೋ ನಂಬಿ, ಇರುವ ಒಂದೇ ಕಟ್ಟನ್ನು ನೀರಿಗೆ ಹಾಕುವುದೇ?

“ಬುದ್ಧಿ, ಇನ್ನೊಂದಾರು ತಿಂಗಳು…”

“ನಾಳೆ” ಅಂದರು ಗುರುಗಳು. ಅವರೆಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು.

*

ಮಧ್ಯಾಹ್ನ ಗುರುಗಳು ಮಲಗಿದ್ದರು. ಚೆನ್ನಾಜಮ್ಮ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಳು. ಪರಶಿವ ಪೆಟ್ಟಿಗೆ ತೆಗೆದ.

ಅವನ ಲೆಕ್ಕಾಚಾರ ಸರಳವಾಗಿತ್ತು. ಮುದುಕರಿಗೆ ಮರೆವು. ಅಂಗಡಿಯವನಿಗೆ ವ್ಯಾಪಾರ. ಭಕ್ತರಿಗೆ ಹೆಸರು. ಈ ಕಟ್ಟಿನ ಬಗ್ಗೆ ನಿಜವಾದ ಕಾಳಜಿ ಇರುವವನು ಈ ಭೂಮಿಯ ಮೇಲೆ ಒಬ್ಬನೇ.

ಬರೆಯದೆ ಉಳಿದ ಹಳೇ ಗರಿಗಳ ಒಂದು ಹೊರೆ ಪೆಟ್ಟಿಗೆಯ ತಳದಲ್ಲಿತ್ತು. ಅದೇ ಅಗಲ, ಅದೇ ಬಣ್ಣ. ತೊಂಬತ್ತಾರು ಎಣಿಸಿ ತೆಗೆದ. ಅಸಲಿ ಕಟ್ಟಿನ ಮರದ ಹಲಗೆಗಳ ನಡುವೆ ಇವನ್ನಿಟ್ಟು, ಅದೇ ದಾರದಿಂದ ಬಿಗಿದ. ಅಸಲಿ ಗರಿಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ರಾಗಿ ಗುಡಾಣದಲ್ಲಿ ಮೊಣಕೈ ಆಳಕ್ಕೆ ಹೂತ.

ಹೊಳೆಗೆ ಬೋಳು ಗರಿ ಹೋಗುತ್ತದೆ. ಗುರುಗಳ ಮನಸ್ಸಿಗೆ ಸಮಾಧಾನ. ಗ್ರಂಥವೂ ಉಳಿಯಿತು. ಪರಶಿವನಿಗೆ ತನ್ನ ಮೇಲೆ ತನಗೇ ಮೆಚ್ಚುಗೆ ಬಂತು.

ಆಮೇಲೆ ಗುಡಾಣದ ಮುಚ್ಚಳಕ್ಕೆ ಒಂದು ದಾರ ಸುತ್ತಿ ಗಂಟು ಹಾಕಿದ. ಯಾರಾದರೂ ತೆರೆದರೆ ಗೊತ್ತಾಗಲಿ ಅಂತ.

*

ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಮೂವರೂ ಕೂತರು. ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ಚೆನ್ನಾಜಮ್ಮ ತುಂಬೆ ಹೂವು ತಂದಿದ್ದಳು. ಕಟ್ಟು ಗುರುಗಳ ಮಡಿಲಲ್ಲಿತ್ತು.

ಪರಶಿವ ಆ ಕಟ್ಟನ್ನೇ ನೋಡುತ್ತಿದ್ದ. ಆದಷ್ಟು ಬೇಗ ನೀರಿಗೆ ಬಿದ್ದರೆ ಸಾಕು.

“ಪ್ರತಿ ಎಲ್ಲಿ?” ಅಂದರು ಗುರುಗಳು.

“ಯಾಕೆ ಬುದ್ಧಿ?”

“ಒಪ್ಪಿಸಬೇಕಲ್ಲ. ಒಬ್ಬರು ಹೊಸದನ್ನ ಓದೋದು, ಇನ್ನೊಬ್ಬರು ಹಳೇದರ ಮೇಲೆ ಬೆರಳಿಟ್ಟು ನೋಡೋದು. ಅಕ್ಷರ ಅಕ್ಷರವೂ ಕೂಡಿತು ಅಂದಮೇಲೇ ಹೊಳೆ. ನಮ್ಮ ಗುರುಗಳು ನನ್ನ ಕೈಲಿ ಹಾಗೇ ಮಾಡಿಸಿದ್ದು. ನಿಂಗೆ ಹೇಳಿರಲಿಲ್ಲವಾ?”

ಹೇಳಿದ್ದರು. ಹತ್ತು ಸಲ ಹೇಳಿದ್ದರು. ಗರಿಯಿಂದ ಗರಿಗೆ ಇಳಿಸಿದಾಗ ಮಾತ್ರ ಅಂತ ಇವನು ಅಂದುಕೊಂಡಿದ್ದ.

ಈಗ ನೋಡಿ ಪರಶಿವನ ಪಾಡು! ಗುರುಗಳು ಕಟ್ಟು ಬಿಚ್ಚಿದರೆ ಬೋಳು ಗರಿ ಕಾಣುತ್ತದೆ. ಓಡಿಹೋಗೋಣವೆಂದರೆ ಹಿಂದೆ ಚೆನ್ನಾಜಮ್ಮ, ಮುಂದೆ ಹೊಳೆ. ಅವನು ಲ್ಯಾಪ್‌ಟಾಪು ತಂದ. ಡಿಸ್ಕುಗಳನ್ನು ತಂದ. ಎಷ್ಟು ನಿಧಾನವಾಗಿ ತರಬಹುದೋ ಅಷ್ಟು ನಿಧಾನವಾಗಿ ತಂದ.

“ಯಾವುದನ್ನ ಹಾಕ್ತೀಯ?”

“ಇದನ್ನ ಬುದ್ಧಿ. ತಿರುಗದ್ದನ್ನ.”

“ಓದು.”

ಮೊದಲ ಫೋಟೋ ತೆರೆಯಿತು. ಕಂದು ಬಣ್ಣದ ಗರಿ, ಅದರಲ್ಲಿ ಎರಡು ತೂತು. ಅಕ್ಷರವಿಲ್ಲ.

ಪರಶಿವ ಕಣ್ಣುಜ್ಜಿಕೊಂಡ. ಎರಡನೆಯದು ತೆರೆದ. ಕಂದು ಗರಿ. ಮೂರು, ನಾಲ್ಕು, ಹತ್ತು. ಎಲ್ಲ ಬೋಳು.

“ನಾನು ಹೇಳಲಿಲ್ವಾ!” ಅಂತ ಚೀರಿದ. “ಮರೆತುಬಿಟ್ಟಿದೆ ಬುದ್ಧಿ! ಒಂದೇ ರಾತ್ರಿಗೆ ಮರೆತುಬಿಟ್ಟಿದೆ! ಆ ದಿನಕರ ಕೆಟ್ಟ ಮಾಲು ಕೊಟ್ಟಿದಾನೆ!”

“ಇನ್ನೊಂದನ್ನ ಹಾಕು.”

ತಿರುಗುವ ಡಿಸ್ಕು ಗುಂಯ್ ಅಂತ ಎದ್ದಿತು. ಮೊದಲ ಫೋಟೋ. ಕಂದು ಗರಿ, ಎರಡು ತೂತು.

“ಇದೂ! ಎರಡೂ ಸೇರಿಕೊಂಡಿವೆ ಬುದ್ಧಿ!”

“ಅವೆರಡೂ ಯಾವಾಗ ಮಾತಾಡಿಕೊಂಡವಪ್ಪ?” ಅಂದಳು ಚೆನ್ನಾಜಮ್ಮ.

ಬಿಸಿಲಿನ ಝಳವಿರಬೇಕೆಂದು ಪರಶಿವ ತಲೆಯ ಮೇಲೆ ಶಲ್ಯ ಹೊದ್ದು, ಅದರೊಳಗೆ ಲ್ಯಾಪ್‌ಟಾಪು ಇಟ್ಟುಕೊಂಡು ನೋಡಿದ. ದೊಡ್ಡದು ಮಾಡಿ ನೋಡಿದ. ಲ್ಯಾಪ್‌ಟಾಪನ್ನು ಓರೆ ಮಾಡಿ ನೋಡಿದ. ಕೊನೆಗೆ ಕ್ಯಾಮೆರಾವನ್ನು ಬೈದ.

ಗುರುಗಳು ಅಷ್ಟರಲ್ಲಿ ದಾರ ಬಿಚ್ಚಿದ್ದರು. ಮಡಿಲಲ್ಲಿ ಮೊದಲ ಗರಿ ಇಟ್ಟುಕೊಂಡು ಬೆರಳಾಡಿಸಿದರು. ಎರಡನೆಯದು. ಮೂರನೆಯದು. ಪರಶಿವ ಶಲ್ಯದೊಳಗಿಂದ ಹೊರಗೆ ಬರಲೇ ಇಲ್ಲ.

“ಮರಿ.”

“ಬುದ್ಧಿ.”

“ನಿನ್ನ ಪ್ರತಿಯಲ್ಲಿ ಅಕ್ಷರ ಇದೆಯಾ?”

“ಇಲ್ಲ ಬುದ್ಧಿ.”

“ಇಲ್ಲೂ ಇಲ್ಲ. ಚೆನ್ನಾಗಿ ಕೂಡಿದೆ. ಒಂದಕ್ಷರವೂ ತಪ್ಪಿಲ್ಲ.” ಗುರುಗಳು ಕಟ್ಟನ್ನು ಮತ್ತೆ ಜೋಡಿಸಿದರು. “ನನ್ನ ಕಾಲದಲ್ಲಿ ಇಷ್ಟು ಶುದ್ಧವಾದ ಪ್ರತಿ ಕಂಡಿಲ್ಲ. ಬಿಡೋಣವಾ ಹೊಳೆಗೆ?”

ಪರಶಿವ ಶಲ್ಯ ಕಿತ್ತೆಸೆದು ಅವರ ಕಾಲಿಗೆ ಬಿದ್ದ. ಬಿದ್ದ ಜಾಗದಿಂದಲೇ ಎಲ್ಲವನ್ನೂ ಹೇಳಿದ. ಬೋಳು ಗರಿ, ಬಿಳಿ ಬಟ್ಟೆ, ರಾಗಿ ಗುಡಾಣ.

“ಓ, ಅದಾ!” ಅಂದಳು ಚೆನ್ನಾಜಮ್ಮ. “ಬೆಳಿಗ್ಗೆ ರಾಗಿ ತೆಗೆಯೋವಾಗ ಕೈಗೆ ಏನೋ ತಗುಲ್ತು. ಹಾವು ಅಂತ ಕಿರುಚಿಕೊಂಡೆ. ಮುಚ್ಚಳಕ್ಕೆ ದಾರ ಬೇರೆ. ಯಾರೋ ಮಾಟ ಮಾಡವ್ರೆ ಅಂದ್ಕೊಂಡೆ ಸಾಮಿ. ಆಮೇಲೆ ನೋಡ್ತೀನಿ, ದಾರದ ಗಂಟು ನಮ್ಮ ಪರಶಿವಪ್ಪಂದು.”

“ಗರಿ ಎಲ್ಲಿ?” ಪರಶಿವ ತಲೆಯೆತ್ತಿದ.

“ಇನ್ನೆಲ್ಲಿ? ನನ್ನ ಮಡಿಲಲ್ಲಿ.” ಸೆರಗು ಸರಿಸಿ ಬಿಳಿ ಗಂಟು ತೋರಿಸಿದಳು. “ಕೊಡ್ತೀನಿ. ಮುದ್ದೆ ಕಟ್ಟೋ ಕೈಯಿಂದ ಇಸ್ಕೊಂಡರೆ ಪರವಾಗಿಲ್ವಾ?”

ಪರಶಿವ ಎರಡೂ ಕೈ ನೀಡಿದ.

ಗಂಟು ಬಿಚ್ಚಿ ಒಂದು ಗರಿ ತೆಗೆದ. ಬೋಳಾಗಿತ್ತು.

ಮುಂದಿನದನ್ನು ತೆಗೆದ. “ಇದೂ… ಬುದ್ಧಿ, ಇದೂ…”

“ಓರೆ ಹಿಡಿ. ಬಿಸಿಲಿಗೆ.”

ಓರೆ ಹಿಡಿದ. ಗರಿಯ ಮೈಮೇಲೆ ಕೂದಲೆಳೆಯಂಥ ಗೀರುಗಳು ಮಿನುಗಿದವು. ಕಬ್ಬಿಣದ ಮೊನೆಯಿಂದ ಯಾವಾಗಲೋ ಯಾರೋ ಕೊರೆದ ಗೀರುಗಳು. ಅವುಗಳಲ್ಲಿ ತುಂಬಿದ್ದ ಹಳೇ ಮಸಿಯನ್ನು ಅವನೇ ಎಣ್ಣೆ ಬಟ್ಟೆಯಿಂದ ಒರೆಸಿ ಹಾಕಿದ್ದ. ಹೊಸ ಮಸಿ ತಂದವಳನ್ನು ಅವನೇ ಬಾಗಿಲಿನಿಂದ ಕಳಿಸಿದ್ದ.

ಇಷ್ಟು ದಿನ ಅವನು ಅಂಗಡಿಯವನನ್ನು ಅನುಮಾನಿಸಿದ್ದ, ಭಕ್ತರನ್ನು ಅನುಮಾನಿಸಿದ್ದ, ತಟ್ಟೆಯನ್ನು, ಕರೆಂಟನ್ನು, ಗುರುಗಳ ತಲೆಯನ್ನು, ಅಡುಗೆಯವಳ ಉಸಿರನ್ನು. ಎರಡೂ ಡಿಸ್ಕುಗಳು ಮಾತ್ರ ಕೊಟ್ಟದ್ದನ್ನು ಕೊಟ್ಟ ಹಾಗೇ ಕಾಪಾಡುತ್ತ ಕೂತಿದ್ದವು.

ಚೆನ್ನಾಜಮ್ಮ ಎದ್ದಳು. ಒಳಗೆ ಹೋಗಿ ಮಸಿಯ ಬಟ್ಟಲು ತಂದು ಮೆಟ್ಟಿಲ ಮೇಲಿಟ್ಟಳು.

“ಅಮ್ಮ” ಅಂದ. “ನೀವೇ ತೀಡಿ.”

“ನೀನು ತೀಡು. ನಾನು ಹೇಳ್ಕೊಡ್ತೀನಿ. ಒತ್ತಬೇಡ. ಮಗೂಗೆ ಕಾಡಿಗೆ ಹಚ್ಚೋ ಹಾಗೆ. ಹಾಂ. ಈಗ ಬಟ್ಟೆ ತಗೊಂಡು ಮೇಲ್ಮೇಲೆ ಒರೆಸು. ಹೆದರ್ಕೊಂಡು ಒರೆಸಿದರೆ ಕೈ ನಡುಗ್ತದೆ, ಆಗಲೇ ಮುರಿಯೋದು.”

ಅವನು ಒರೆಸಿದ. ಮೇಲಿನ ಮಸಿ ಬಟ್ಟೆಗೆ ಬಂತು. ಗೀರಿನೊಳಗಿನದು ಅಲ್ಲೇ ನಿಂತಿತು. ಗರಿಯ ಈ ತುದಿಯಿಂದ ಆ ತುದಿಗೆ ಕಪ್ಪು ಅಕ್ಷರಗಳು ಒಂದೊಂದಾಗಿ ಎದ್ದು ಕೂತವು.

“ಓದು” ಅಂದರು ಗುರುಗಳು.

ಪರಶಿವ ತಡವರಿಸುತ್ತ ಓದಿದ. “ದನವು ಮೇವು ಬಿಟ್ಟರೆ ಮೊದಲು ಮೇವ ನೋಡುವುದು. ಆಮೇಲೆ ದನದ ನಾಲಿಗೆಯ ನೋಡುವುದು. ಎರಡೂ ಸರಿಯಿದ್ದರೆ ಮೇವು ಹಾಕಿದವನ ಕೈಯ ನೋಡುವುದು.”

ಓದಿ ತನ್ನ ಕೈ ನೋಡಿಕೊಂಡ. ಹತ್ತೂ ಬೆರಳು ಮಸಿ.

ಚೆನ್ನಾಜಮ್ಮ ಕಿಸಕ್ಕನೆ ನಕ್ಕಳು. ಗುರುಗಳೂ ನಕ್ಕರು. ಕೊನೆಗೆ ಪರಶಿವನೂ ನಕ್ಕ. ಅವನು ನಕ್ಕದ್ದನ್ನು ಆ ಹೊಳೆ ಮೊದಲ ಸಲ ಕೇಳಿರಬೇಕು.

ಸ್ವಲ್ಪ ಹೊತ್ತಿನ ಮೇಲೆ ಅವನು ಕೇಳಿದ. “ಬುದ್ಧಿ, ಇವನ್ನ ಹೊಳೆಗೆ…?”

“ಹೊಳೆಗೆ ಅವಸರ ಇಲ್ಲ. ಮಸಿ ತೀಡು, ಫೋಟೋ ತೆಗಿ. ಕೂತು ಒಪ್ಪಿಸು. ಆಮೇಲೆ ನೋಡೋಣ.”

ಪರಶಿವ ತಲೆಯಾಡಿಸಿದ. ಆದರೆ ಅನುಮಾನ ಅನ್ನುವುದು ಒಂದೇ ಸ್ನಾನಕ್ಕೆ ಹೋಗುವ ಕೊಳೆಯಲ್ಲ. ಡಿಸ್ಕುಗಳೆರಡೂ ಮೆಟ್ಟಿಲ ಮೇಲೆ ಅವನನ್ನೇ ನೋಡುತ್ತಿದ್ದವು. ಸಂಜೆಯೊಳಗೆ ಒಂದನ್ನು ಅಂಗಡಿಗೆ ಹಿಂದಿರುಗಿಸಬೇಕು.

“ಎಲ್ಲ ಆಯ್ತು ಬುದ್ಧಿ. ಆದರೂ ಕೊನೆಗೆ ಯಾವುದಕ್ಕೆ ಹಾಕಲಿ? ತಿರುಗೋದಕ್ಕೋ, ತಿರುಗದ್ದಕ್ಕೋ?”

ಗುರುಗಳು ಮೊಣಕಾಲಿಗೆ ಕೈಕೊಟ್ಟು ಮೆಲ್ಲಗೆ ಎದ್ದರು.

“ಯಾವುದಕ್ಕಾದರೂ ಹಾಕು ಮರಿ. ಅದರ ಮೇಲೆ ಭಕ್ತರ ತಂದೆಯ ಹೆಸರು ಬೇಡ, ನನ್ನ ಹೆಸರೂ ಬೇಡ. ಮುಂದಿನ ವರ್ಷ ಇದನ್ನ ತೆಗೆದು ಗಟ್ಟಿಯಾಗಿ ಓದೋರು ಯಾರೋ, ಅವರ ಹೆಸರು ಬರಿ.”